ಅವ್ವನಿಗೆ ಬಿಟ್ಟ ಕೋಣೆ

ನಮ್ಮೂರಿನ ಬಸ್ ಸ್ಟಾಪಿನಲ್ಲಿ ಅವರ ಫ್ಲೆಕ್ಸ್ ಇನ್ನೂ ಇದೆ. ತಿಥಿ ಮುಗಿದು ಎಷ್ಟೋ ದಿನವಾದರೂ ಅದನ್ನು ಬಿಚ್ಚುವ ಮನಸ್ಸು ಯಾರಿಗೂ ಬಂದಿಲ್ಲ. ಒಂದು ಮೂಲೆಯ ದಾರ ಕಳಚಿಕೊಂಡು, ಗಾಳಿ ಬೀಸಿದಾಗಲೆಲ್ಲ ಅವರ ಎಡಗೆನ್ನೆ ಮಡಚಿಕೊಳ್ಳುತ್ತದೆ. ಫೋಟೊದಲ್ಲಿ ನಗುತ್ತಿದ್ದಾರೆ. ಆ ನಗುವನ್ನು ನಂಬಿ ಇಡೀ ಊರು ರೇಷ್ಮೆ ಹುಳು ಸಾಕಿತು, ನಾನೂ ಸಾಕಿದೆ. ತಿಥಿಯ ದಿನ ಶಾಮಿಯಾನದ ಕೆಳಗೆ ನನ್ನ ಕೈಗೆ ಮೈಕು ಕೊಟ್ಟು ಎರಡು ಮಾತಾಡಿ ಅಂದರು. ಅವರು ಕಟ್ಟಿದ ಸಂಘ, ಅವರ ಶ್ರದ್ಧೆ, ಅವರ ನಗು ಅಂತ ಏನೋ ಹೇಳಿ ಕೂತೆ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮಿಕ್ಕಿದ್ದು ಅಲ್ಲಿ ಕೂತವರಿಗೆಲ್ಲ ಗೊತ್ತಿತ್ತು, ತಿಥಿಯಲ್ಲಿ ಆಡುವ ಮಾತಲ್ಲ ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡು ಪಾಯಸ ಉಂಡೆವು.

ನಾವೆಲ್ಲ ಅವರನ್ನು ಅಧ್ಯಕ್ಷರು ಅಂತಲೇ ಕರೆಯುತ್ತಿದ್ದೆವು. ಕನಕಪುರದಿಂದ ರಾಮನಗರಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಊರು ನಮ್ಮದು. ಅಲ್ಲಿ ರೇಷ್ಮೆ ಬೆಳೆಗಾರರದೊಂದು ಸಂಘ, ಸಂಘಕ್ಕೊಂದು ಚಾಕಿ ಮನೆ. ಮೊಟ್ಟೆಯೊಡೆದ ಹುಳುವನ್ನು ಮೊದಲ ಕೆಲವು ದಿನ ಒಂದೇ ಕಡೆ ಕಾಪಾಡಿ, ಎರಡನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದ ಮೇಲೆ ಮನೆಮನೆಗೆ ಹಂಚುವ ಜಾಗ ಅದು. ಎಳೆಗೂಸಿಗೆ ಬಾಣಂತನ ಮಾಡಿದ ಹಾಗೆ. ಆ ದಿನಗಳಲ್ಲಿ ಹೆಚ್ಚುಕಮ್ಮಿಯಾದರೆ ಆಮೇಲೆ ರೈತ ಎಷ್ಟು ಸೊಪ್ಪು ಹಾಕಿದರೂ ಹುಳು ಗೂಡು ಕಟ್ಟುವುದಿಲ್ಲ. ಆ ಮನೆಯನ್ನು ಅವರು ಬಹಳ ವರ್ಷ ನಡೆಸಿದರು. ಅವರಾದ ಮೇಲೆ ನಾನು ಅಧ್ಯಕ್ಷೆಯಾದೆ, ಆದರೂ ಅಧ್ಯಕ್ಷರು ಅಂದರೆ ಅವರೇ. ನನ್ನನ್ನು ಊರವರು ಮೇಡಮ್ಮು ಅನ್ನುತ್ತಿದ್ದರು, ಅದೂ ಎದುರಿಗೆ. ಹಿಂದೆ ಏನು ಅನ್ನುತ್ತಿದ್ದರೋ ನಾನು ಕೇಳಲು ಹೋಗಲಿಲ್ಲ.

ಗಿಡ್ಡ ಆಸಾಮಿ. ತುಂಬುತೋಳಿನ ಬಿಳಿ ಅಂಗಿ, ಹೆಗಲ ಮೇಲೆ ಒಂದು ಟವೆಲು. ಜೀವನದಲ್ಲಿ ಬೀಡಿ ಮುಟ್ಟಿದವರಲ್ಲ. ಚಾಕಿ ಮನೆಯ ಬಾಗಿಲಲ್ಲಿ ನಿಂತು ಒಳಗೆ ಬರುವವರ ಬಾಯಿ ಮೂಸಿ ನೋಡುತ್ತಿದ್ದರು. ಒಮ್ಮೆ ಯಾರೋ ದೊಡ್ಡ ಮನುಷ್ಯರು ಹಾರ ತುರಾಯಿಯ ಸಮೇತ ಬಂದಾಗ, ಸೆಂಟಿನ ವಾಸನೆಗೆ ಹುಳು ಮೇವು ಬಿಡುತ್ತವೆ ಸ್ವಾಮಿ ಅಂತ ಕೈಮುಗಿದು ಅವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ಅಲ್ಲಿಗೇ ಎಳನೀರು ತರಿಸಿ ಕಳಿಸಿಬಿಟ್ಟಿದ್ದರು. ಬಂದವರಿಗೂ ಕೋಪ ಬರಲಿಲ್ಲ. ಯಾರಿಗೂ ಅವರ ಮೇಲೆ ಕೋಪ ಬರುತ್ತಿರಲಿಲ್ಲ, ಅದೇ ಅವರ ಬಂಡವಾಳ. ಅಣ್ಣತಮ್ಮಂದಿರು ನೀರಿಗೆ ಹೊಡೆದಾಡಿಕೊಂಡರೆ ಅಧ್ಯಕ್ಷರು ಅವರ ಜಗಲಿಯ ಮೇಲೆ ಹೋಗಿ ಕೂರುತ್ತಿದ್ದರು. ನೀರಿನ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿ, ಮುದ್ದೆ ಉಂಡು, ಏಳುವಾಗ ‘ಆಯ್ತದೆ ಬುಡ್ರಪ್ಪ’ ಅನ್ನುತ್ತಿದ್ದರು. ಆಮೇಲೆ ಜಗಳ ಮುಂದುವರಿಸಲು ಅಣ್ಣತಮ್ಮಂದಿರಿಗೇ ನಾಚಿಕೆಯಾಗುತ್ತಿತ್ತು. ಇಲ್ಲ, ಆಗುವುದಿಲ್ಲ ಅನ್ನುವ ಮಾತು ಆ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಇದು ದೊಡ್ಡ ಗುಣ ಅಂತ ಬಹಳ ಕಾಲ ನಂಬಿದ್ದೆ.

ಅವರ ಕೈಯ ಕೆಲಸ ನೋಡಬೇಕಿತ್ತು. ಮೊಟ್ಟೆಯಿಂದ ಆಗತಾನೆ ಎದ್ದ ಹುಳು ಕಪ್ಪು ದಾರದ ತುಣುಕಿನಂತಿರುತ್ತದೆ, ಬೆರಳು ತಾಗಿದರೆ ಸಾಯುತ್ತದೆ. ಅದನ್ನು ಕೋಳಿಪುಕ್ಕದಿಂದ ತಟ್ಟೆಗೆ ಇಳಿಸಬೇಕು. ಇದಕ್ಕೆ ಚಾಕಿ ಕಟ್ಟುವುದು ಅನ್ನುತ್ತೇವೆ. ಅಧ್ಯಕ್ಷರು ಪುಕ್ಕವನ್ನು ಎತ್ತಿ, ತುಟಿಯ ಹತ್ತಿರ ತಂದು ಮೆಲ್ಲಗೆ ಊದಿ, ಎಡಗೈ ಮಣಿಕಟ್ಟಿನ ಒಳಮೈಗೆ ಒಮ್ಮೆ ಸವರಿ ನೋಡಿಕೊಂಡು, ಆಮೇಲೇ ಹುಳುವಿಗೆ ತಾಗಿಸುತ್ತಿದ್ದರು. ಪುಕ್ಕ ಒರಟಾಗಿದ್ದರೆ ಮಣಿಕಟ್ಟಿಗೆ ಗೊತ್ತಾಗುತ್ತದೆ. ನಮ್ಮೂರಿನ ಹೆಂಗಸರೆಲ್ಲ ಈಗ ಹಾಗೇ ಮಾಡುತ್ತಾರೆ. ಅಧ್ಯಕ್ಷರ ಊದು ಅಂತ ಅದಕ್ಕೆ ಹೆಸರೇ ಬಿದ್ದಿದೆ. ಇದನ್ನೆಲ್ಲಿ ಕಲಿತಿರಿ ಅಂತ ನಾನೊಮ್ಮೆ ಕೇಳಿದ್ದೆ. ಯಾರೋ ಹೇಳಿಕೊಟ್ಟಿದ್ದರು ಬಿಡವ್ವ ಅಂತ ಮಾತು ತೇಲಿಸಿದರು.

ಇನ್ನು ಪುಟ್ಟತಾಯಕ್ಕನ ಮನೆಯ ಮಜ್ಜಿಗೆ. ಈ ಅಕ್ಕನ ಮನೆ ಕೆರೆಗೆ ಹೋಗುವ ದಾರಿಯ ತಿರುವಿನಲ್ಲಿದೆ. ಗಂಡ ತೀರಿಕೊಂಡಿದ್ದಾನೆ, ಎರಡು ಹಸು ಕಟ್ಟಿಕೊಂಡು ಒಬ್ಬಳೇ ಇದ್ದಾಳೆ. ನಾನು ಸೊಸೆಯಾಗಿ ಈ ಊರಿಗೆ ಬಂದ ಹೊಸದರಲ್ಲೇ ನಮ್ಮತ್ತೆ ನನಗೆ ಹೇಳಿದ್ದರು, ಅವಳನ್ನು ಹುಳುಮನೆಗೆ ಮಾತ್ರ ಸೇರಿಸಬೇಡ, ಅವಳ ಕೈಗುಣ ಸರಿಯಿಲ್ಲ ಅಂತ. ಮದುವೆಗೆ ಮುಂಜಿಗೆ ಕರೆಯುತ್ತಿದ್ದರು. ಆದರೆ ಮನೆಯಲ್ಲಿ ಹುಳು ಇದ್ದಾಗ ಅವಳು ಬೀದಿಯಲ್ಲಿ ಬಂದರೂ ಬಾಗಿಲು ಮುಂದೆ ಮಾಡುತ್ತಿದ್ದರು. ಒಂದು ಕಾಲಕ್ಕೆ ಊರಿಗೇ ಚಾಕಿ ಕಟ್ಟಿಕೊಡುತ್ತಿದ್ದವಳಂತೆ. ಚಾಕಿ ಮನೆಯ ಹಿಂದೆ ಆಗಷ್ಟೇ ಎಬ್ಬಿಸಿದ ಹೊಸ ಕೋಣೆಯಲ್ಲಿ ಅವಳು ಕಟ್ಟಿದ ಚಾಕಿ ಹೋದ ಮನೆಗಳಲ್ಲೆಲ್ಲ ಬೆಳೆ ಸತ್ತಿತು. ಹಳೇ ಹಜಾರದಲ್ಲಿ ಬೇರೆಯವರು ಕಟ್ಟಿದ್ದು ಚೆನ್ನಾಗಿ ಬಂತು. ಊರೆಲ್ಲ ಸೇರಿದಾಗ ಅಧ್ಯಕ್ಷರೇ ಅವಳ ಕೈಗುಣ ಕೆಟ್ಟಿದೆ ಅಂದುಬಿಟ್ಟಿದ್ದರು. ಅಧ್ಯಕ್ಷರು ಅಂದ ಮೇಲೆ ಮುಗಿಯಿತು.

ಅಂಥ ಅಧ್ಯಕ್ಷರೇ ದಿನಾ ಮಧ್ಯಾಹ್ನ ಅವಳ ಜಗಲಿಗೆ ಹೋಗಿ ಮಜ್ಜಿಗೆ ಕೇಳಿ ಕುಡಿಯುತ್ತಿದ್ದರು. ಕೈಗುಣ ಹುಳಕ್ಕೆ, ಮಜ್ಜಿಗೆಗಲ್ಲ ಅಂತ ತಮಾಷೆ ಮಾಡುತ್ತಿದ್ದರು. ಎಂಥ ದೊಡ್ಡ ಮನಸ್ಸು ನೋಡಿ ಅಂತ ಊರು ಕೊಂಡಾಡುತ್ತಿತ್ತು. ನಾನೂ ಕೊಂಡಾಡಿದ್ದೇನೆ.

ವಯಸ್ಸಾಯಿತು, ಇನ್ನು ಸಾಕು ಅಂತ ಅವರು ಕೂತಾಗ ಸಂಘಕ್ಕೆ ನನ್ನ ಹೆಸರು ಹೇಳಿದವರು ಅವರೇ. ಕನಕಪುರದಲ್ಲಿ ಬಿ.ಎಸ್ಸಿ. ಓದಿದ್ದೆ, ಹುಳು ಸಾಕುವುದನ್ನು ಅವರಿಂದಲೇ ಕಲಿತಿದ್ದೆ. ಹೆಂಗಸಿನ ಕೈಗೆ ಬೀಗದ ಕೈ ಕೊಡುವುದಾ ಅಂತ ಗೊಣಗಿದವರ ಬಾಯನ್ನು ನಗುತ್ತಲೇ ಮುಚ್ಚಿಸಿ, ನನಗೆ ಶಾಲು ಹೊದಿಸಿದರು. ಆಮೇಲೆ ಚಾಕಿ ಮನೆಯ ಸುತ್ತ ಕರೆದುಕೊಂಡು ಹೋಗಿ ಒಂದೊಂದನ್ನೂ ಒಪ್ಪಿಸಿದರು. ಹಿಂದುಗಡೆಯ ಆ ಹೊಸ ಕೋಣೆ ಬಂತು. ಹೊಸತು ಅನ್ನುವುದು ಹೆಸರಿಗೆ ಅಷ್ಟೇ, ಎಷ್ಟೋ ವರ್ಷದಿಂದ ಬೀಗ ಹಾಕಿತ್ತು. ಬಾಗಿಲ ಮೇಲೆ ಅರಿಶಿನ ಕುಂಕುಮ. ಬೆಳೆ ಸತ್ತ ಮೇಲೆ ಆ ಕೋಣೆಯನ್ನು ಮಾರಮ್ಮನಿಗೆ ಬಿಟ್ಟಿದ್ದೇವೆ ಅಂತ ಅವರು ಹರಕೆ ಹೇಳಿಕೊಂಡಿದ್ದರು, ಊರಲ್ಲಿ ಯಾರೂ ಆ ಬಾಗಿಲು ಮುಟ್ಟುತ್ತಿರಲಿಲ್ಲ.

‘ಇದು ಅವ್ವಂದು ಕಣವ್ವ. ಇದೊಂದು ಮುಟ್ಬ್ಯಾಡ’ ಅಂದರು.

ನಾನು ತಲೆಯಾಡಿಸಿದೆ. ವರ್ಷ ತುಂಬುವುದರೊಳಗೆ ಸಂಘಕ್ಕೆ ಸೇರುವವರು ಹೆಚ್ಚಿ ಹಜಾರದಲ್ಲಿ ತಟ್ಟೆ ಇಡಲು ಜಾಗ ಸಾಲದಾಯಿತು. ಗಟ್ಟಿ ಗೋಡೆಯ ಕೋಣೆಯೊಂದು ಸುಮ್ಮನೆ ಬಿದ್ದಿದೆ, ದೇವರ ಹೆಸರು ಹೇಳಿ ಬೀಗ ಹಾಕಿಕೊಂಡು ಕೂತಿದ್ದೇವೆ. ಓದಿದವಳಿಗೆ ಸಿಟ್ಟು ಬರದೆ ಇನ್ನೇನು? ದೇವಸ್ಥಾನದ ಪೂಜಾರಪ್ಪನನ್ನು ಕೇಳಿ, ಅವ್ವನಿಗೆ ಮಡಿಲಕ್ಕಿ ಕೊಟ್ಟು ಅಪ್ಪಣೆ ತೆಗೆದುಕೊಂಡೆ. ಕೋಣೆ ತೊಳೆಸಿ, ಸುಣ್ಣ ಬಳಿಸಿ, ಔಷಧಿ ಹೊಡೆಸಿದೆ. ಒಂದು ಮೂಢನಂಬಿಕೆಯನ್ನು ಒಡೆಯುವಾಗ ಇನ್ನೊಂದನ್ನೂ ಒಡೆಯೋಣ ಅನ್ನಿಸಿತು. ಪುಟ್ಟತಾಯಕ್ಕನ ಮನೆಗೆ ಹೋಗಿ, ಹೊಸ ಕೋಣೆಗೆ ಮೊದಲ ತಟ್ಟೆ ನೀನೇ ಹೊತ್ತು ತರಬೇಕು, ಮೊದಲ ಸೊಪ್ಪು ನೀನೇ ಹಾಕಬೇಕು ಅಂತ ಕರೆದೆ. ಅವಳು ಬೇಡ ಬೇಡ ಅಂದಳು. ಕೈಹಿಡಿದು ಎಬ್ಬಿಸಿಕೊಂಡು ಬಂದೆ.

ಅಧ್ಯಕ್ಷರೂ ಬಂದಿದ್ದರು. ಪುಟ್ಟತಾಯಕ್ಕ ತಟ್ಟೆ ಹೊತ್ತು ಹೊಸ್ತಿಲ ಹತ್ತಿರ ಬಂದಾಗ ಅವರು ನನ್ನ ಪಕ್ಕಕ್ಕೆ ಬಂದು ನಿಂತು ಮೆಲ್ಲಗೆ ‘ಬ್ಯಾಡ ಕಣವ್ವ’ ಅಂದರು. ಯಾಕೆ ಅಂತ ಕೇಳಿದೆ. ‘ಸುಮ್ಕೆ ಯೋಳ್ದೆ’ ಅಂದು ಹೊರಗೆ ಹೋಗಿ ನೇರಳೆ ಮರದ ಕೆಳಗೆ ಕೂತರು. ಅಧಿಕಾರ ಬಿಟ್ಟವರಿಗೆ ಹೊಟ್ಟೆಯಲ್ಲಿ ಒಂದಿಷ್ಟು ಉರಿ ಇದ್ದೇ ಇರುತ್ತದೆ ಅಂದುಕೊಂಡು ನಾನು ಫೋಟೊಗೆ ನಿಂತೆ.

ಹುಳು ಮನೆಗಳಿಗೆ ಹೋಯಿತು. ನಾಲ್ಕನೇ ಜ್ವರದ ಹೊತ್ತಿಗೆ ಒಬ್ಬೊಬ್ಬರಾಗಿ ಬರತೊಡಗಿದರು. ಹುಳು ಮೇವು ಬಿಟ್ಟು, ಗಟ್ಟಿಯಾಗಿ, ಬೆಳ್ಳಗೆ ಸೀಮೆಸುಣ್ಣದ ತುಂಡಿನ ಹಾಗೆ ಬಿದ್ದಿದ್ದವು. ಸುಣ್ಣಕಟ್ಟು ರೋಗ. ಬುಟ್ಟಿಗಟ್ಟಲೆ ತೆಗೆದು ಗುಂಡಿಗೆ ಹಾಕಿದರು. ಹಜಾರದ ಹುಳು ಹೋದ ಮನೆಗಳಲ್ಲಿ ಏನೂ ಆಗಲಿಲ್ಲ. ಕೋಣೆಯ ಹುಳು ಹೋದ ಮನೆಗಳಲ್ಲಿ ಒಂದೂ ಉಳಿಯಲಿಲ್ಲ. ಅವ್ವನ ಕೋಣೆ ಮುಟ್ಟಿದ್ದಕ್ಕೆ ಹೀಗಾಯಿತು ಅಂತ ಕೆಲವರು, ಅವಳ ಕೈ ಗೊತ್ತಿದ್ದೂ ಕರೆದಳಲ್ಲ ಅಂತ ಮಿಕ್ಕವರು. ನನ್ನನ್ನು ಇಳಿಸಬೇಕು ಅನ್ನುವ ಮಾತೂ ಎದ್ದಿತು. ನನ್ನದು ಇರಲಿ, ನಾನು ಓದಿದವಳು, ಜಗಳಗಂಟಿ, ಹೇಗೋ ನಿಭಾಯಿಸುತ್ತಿದ್ದೆ. ಆದರೆ ಪುಟ್ಟತಾಯಕ್ಕನ ಮನೆಗೆ ಹಾಲು ತೆಗೆದುಕೊಳ್ಳಲು ಬರುತ್ತಿದ್ದವರೂ ಬರುವುದು ನಿಲ್ಲಿಸಿದರು. ನಾನು ಹೋದಾಗ ಅವಳು ಬಾಗಿಲು ಅರ್ಧ ತೆಗೆದು, ‘ನನ್ ಕೈ ನಂಗೊತ್ತಿತ್ತಲ್ಲವ್ವ, ಯಾಕೆ ಎಳ್ಕಂಡೋದೆ’ ಅಂದಳು. ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಅವಳ ಹತ್ತಿರ ಜಗಳ ಕಾಯಲು ಮಾತೇ ಇರಲಿಲ್ಲ.

ರೇಷ್ಮೆ ಇಲಾಖೆಯವರೊಬ್ಬರನ್ನು ಕರೆಸಿದೆ. ಅವರು ಕೋಣೆಗೆ ಬಂದು, ಬೇರೆಲ್ಲೂ ನೋಡದೆ ಹಿಂದಿನ ಗೋಡೆಯ ಮೇಲೆ ಅಂಗೈ ಇಟ್ಟರು. ನನ್ನ ಕೈಯನ್ನೂ ಇಡಿಸಿದರು. ಹೊಸ ಸುಣ್ಣದ ಒಳಗೆ ಗೋಡೆ ತಣ್ಣಗೆ, ಒದ್ದೆಯಾಗಿತ್ತು. ಆಚೆಗೆ ಕೆರೆಯ ಕೋಡಿ ನೀರು ಹರಿಯುವ ಹಳೇ ಕಾಲುವೆ. ಅದರ ಅಂಚಿನ ಮೇಲೇ ಪಾಯ ಹಾಕಿದ್ದರು. ಇಂಥ ತೇವದಲ್ಲಿ ಈ ರೋಗ ಮತ್ತೆ ಮತ್ತೆ ಬರುತ್ತದೆ, ಯಾರ ಕೈಯಿಂದಲೂ ಬರುವುದಲ್ಲ ಅಂದರು. ಇಲ್ಲಿ ಮೊದಲೂ ಹೀಗಾಗಿತ್ತಾ ಅಂತ ಕೇಳಿದರು.

ಅಲ್ಲಿಂದ ಸೀದಾ ಅಧ್ಯಕ್ಷರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ನಾನು ಏನೂ ಹೇಳುವ ಮುಂಚೆಯೇ ಟವೆಲಿನಿಂದ ಮುಖ ಒರೆಸಿಕೊಂಡು, ಪಕ್ಕದಲ್ಲಿ ಕೂರು ಅಂತ ಕೈ ತೋರಿಸಿದರು. ಕೂರಲಿಲ್ಲ. ಗೋಡೆಯ ವಿಷಯ ನಿಮಗೆ ಗೊತ್ತಿತ್ತಾ ಅಂತ ನಿಂತೇ ಕೇಳಿದೆ.

ಗೊತ್ತಿತ್ತು. ಮೊದಲಿನಿಂದಲ್ಲ. ಪುಟ್ಟತಾಯಿಯ ಕೈಗುಣ ಅಂದಾಗ ಅವರೂ ಅದನ್ನೇ ನಂಬಿದ್ದರಂತೆ. ಕಂಬ ನಿಲ್ಲಿಸಿದ್ದರಿಂದ ಹಿಡಿದು ಎಲ್ಲವನ್ನೂ ತಾವೇ ಮುಂದೆ ನಿಂತು ಮಾಡಿಸಿದ ಕೋಣೆ, ಅದರಲ್ಲಿ ಐಬಿರುತ್ತದೆ ಅಂತ ಹೇಗೆ ಅಂದುಕೊಳ್ಳುವುದು? ಆದರೂ ಮನಸ್ಸು ತಡೆಯದೆ ಮುಂದಿನ ಬೆಳೆಗೆ ಆ ಕೋಣೆಯಲ್ಲಿ ಯಾರಿಗೂ ಹೇಳದೆ ಒಂದು ತಟ್ಟೆ ಹುಳು ಇಟ್ಟಿದ್ದಾರೆ.

‘ನನ್ ಕೈಯಲ್ಲೇ ಕಟ್ಟಿ ನೋಡ್ದೆ ಕಣವ್ವ. ಅವೂ ಬೆಳ್ಳಗಾದೋ. ತಕ್ಕೊಂಡೋಗಿ ವೊಲ್ದಲ್ಲಿ ಹುಗುದ್ಬುಟ್ಟು ಬೀಗ ಹಾಕ್ದೆ.’

ಅವತ್ತೇ ಹೇಳಬಹುದಿತ್ತಲ್ಲ ಅಂದೆ.

‘ಆಡ್ಬುಟ್ಟಿದ್ನಲ್ಲ. ಊರ್ ಮುಂದೆ ಆಡಿದ್ ಮಾತು. ಕೋಣೆ ಕೆಟ್ಟದೆ ಅಂದ್ರೆ ಸಂಘ ಒಡ್ದೋಗ್ತದೆ ಅನ್ಕಂಡೆ. ಅವ್ಳ ಮಾತು ನಾಕ್ ದಿನುಕ್ಕೆ ಮರೀತಾರೆ ಅನ್ಕಂಡೆ.’ ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ‘ಮರೀನಿಲ್ಲ’ ಅಂದರು.

ಆಮೇಲೆ ಅವರು ಕೇಳಿದ್ದನ್ನು ನಾನು ಯಾವತ್ತೂ ಮರೆಯಲಾರೆ. ‘ನಾನ್ ಇರೋಗಂಟ ತಡ್ಕಳವ್ವ. ಆಮೇಲೆ ಯಾರ್ಗಾದ್ರೂ ಯೋಳು.’ ಬೀಗದ ಕೈ, ಶಾಲು, ಸಂಘ ಎಲ್ಲ ಕೊಟ್ಟ ಹಾಗೆ ಇದನ್ನೂ ನನ್ನ ಮಡಿಲಿಗೆ ಹಾಕಿ ಹಗುರಾಗಲು ನೋಡಿದರು. ನನಗೆ ಮೈಯೆಲ್ಲ ಉರಿಯಿತು. ನನಗೆ ಪುಕ್ಕ ಹಿಡಿಯಲು ಕಲಿಸಿದ ಮನುಷ್ಯ, ಅಪ್ಪನಿಗಿಂತ ಹೆಚ್ಚು ಅಂತ ತಿಳಿದಿದ್ದ ಮನುಷ್ಯ. ಆಗುವುದಿಲ್ಲ ಅಂದೆ. ಸೋಮವಾರ ಸಂಘದ ಸಭೆ ಇದೆ, ನೀವೇ ಬಂದು ಹೇಳಬೇಕು, ನಿಮ್ಮ ಬಾಯಿಂದ ಹೋದ ಮಾತು ನಿಮ್ಮ ಬಾಯಿಂದಲೇ ವಾಪಸು ಬರಬೇಕು ಅಂದು ಹೊರಟುಬಂದೆ. ದಾರಿಯಲ್ಲಿ ಅತ್ತುಬಿಟ್ಟೆ, ಅದು ಬೇರೆ ಮಾತು.

ಸೋಮವಾರ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರು ಒಳಗೆ ಬರುತ್ತಿದ್ದಂತೆ ಎಲ್ಲರೂ ಎದ್ದು ನಿಂತರು, ನನ್ನನ್ನು ಇಳಿಸಬೇಕು ಅಂತ ಬಂದವರೂ. ನಾನು ಹಟ ಮಾಡಿ ಕರೆತಂದಿದ್ದ ಪುಟ್ಟತಾಯಕ್ಕ ಬಾಗಿಲ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅಧ್ಯಕ್ಷರು ಮಾತಾಡಿದರು, ಬಹಳ ಚೆನ್ನಾಗಿಯೇ ಮಾತಾಡಿದರು. ಕೋಣೆಯಲ್ಲಿ ತೇವ ಇದೆ, ಇಲಾಖೆಯವರು ನೋಡಿ ಹೇಳಿದ್ದಾರೆ. ಅವ್ವನಿಗೆ ಸಿಟ್ಟಿಲ್ಲ. ಮೇಡಮ್ಮು ಒಳ್ಳೇದಕ್ಕೇ ಮಾಡಿದ್ದು, ಅವರನ್ನು ಯಾರೂ ಒಂದು ಮಾತು ಅನ್ನಬಾರದು. ಕೋಣೆ ಮುಚ್ಚಿಬಿಡೋಣ. ಕೊನೆಗೆ, ‘ಈ ಸಲ ಯಾರ ತಪ್ಪೂ ಇಲ್ಲ, ಆಯ್ತದೆ ಬುಡ್ರಪ್ಪ’ ಅಂತ ಕೈಮುಗಿದು ಕೂತರು.

ಜನರ ಮುಖ ಸಡಿಲವಾಯಿತು. ನನ್ನ ಕುರ್ಚಿ ಉಳಿಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು, ಅವರು ಬಯಸಿದ್ದೂ ಅದನ್ನೇ. ಪುಟ್ಟತಾಯಕ್ಕನ ಕೈ ಮಾತ್ರ ಸೆರಗಿನೊಳಗೇ ಇತ್ತು. ನಾನು ಎದ್ದು ನಿಂತು ಕೇಳಿದೆ:

‘ಆ ಸಲಾನೂ ಯಾರ ತಪ್ಪೂ ಇರಲಿಲ್ಲ, ಅಲ್ವಾ ಅಧ್ಯಕ್ಷರೇ?’

ಅವರು ನನ್ನನ್ನು ನೋಡಿದರು. ಕೋಪವಿರಲಿಲ್ಲ. ದಣಿದವರು ಇನ್ನೂ ದೂರ ನಡೆಯಬೇಕು ಅಂತ ಗೊತ್ತಾದಾಗ ನೋಡುವ ಹಾಗೆ ನೋಡಿದರು. ಟವೆಲನ್ನು ಹೆಗಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

‘ಇರ್ನಿಲ್ಲ’ ಅಂದರು. ‘ಗೋಡೇದೇ. ನಂಗೊತ್ತಿತ್ತು.’

ಅಷ್ಟು ವರ್ಷ ಅವಳನ್ನು ಕಂಡು ಬಾಗಿಲು ಮುಂದೆ ಮಾಡಿದವರು ನೆಲ ನೋಡುತ್ತಿದ್ದರು. ಪುಟ್ಟತಾಯಕ್ಕ ಬೈಯುತ್ತಾಳೆ, ಅಳುತ್ತಾಳೆ, ಮಣ್ಣು ತೂರುತ್ತಾಳೆ ಅಂತ ನಾನು ಕಾದೆ. ಅವಳು ಯಾರನ್ನೂ ನೋಡದೆ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು:

‘ಅದುಕ್ಕಾ, ಮಜ್ಜಿಗೆ ಕುಡಿಯೋವಾಗ ಒಂದಿನಾನೂ ನನ್ ಮೊಕ ನೋಡ್ತಿರ್ನಿಲ್ಲ.’

ಆಮೇಲೆ ಎದ್ದು ಹೋದಳು.

ಅಧ್ಯಕ್ಷರು ಅವಳ ಮನೆಯ ದಾರಿಯಲ್ಲಿ ಮತ್ತೆ ಹೋಗಲಿಲ್ಲ. ಹೊಲಕ್ಕೆ ಹೋಗುವುದಿದ್ದರೆ ಕೆರೆ ಏರಿಯ ಮೇಲೆ ಸುತ್ತಿ ಹೋಗುತ್ತಿದ್ದರು. ನನ್ನೊಂದಿಗೆ ಮಾತು ಬಿಡಲಿಲ್ಲ, ಅದೇ ನನಗೆ ಕಷ್ಟವಾಗುತ್ತಿತ್ತು. ಎದುರಾದಾಗ ಹುಳು ಹೇಗಿದೆಯವ್ವ ಅಂತ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಒಂದೇ ಸಮನೆ ಇಳಿದುಹೋದರು. ಆಸ್ಪತ್ರೆ, ಮನೆ ಅಂತ ಓಡಾಡಿಸಿದ್ದು ಕೆಲವೇ ದಿನ. ಅವರು ತೀರಿಕೊಂಡ ದಿನ ಪುಟ್ಟತಾಯಕ್ಕನೂ ಬಂದಿದ್ದಳು. ಕಾಲ ಹತ್ತಿರ ನಿಂತು, ಮುಖವನ್ನು ಬಹಳ ಹೊತ್ತು ನೋಡಿ ಹೋದಳು.

ನಾನು ಅವರನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೇ ತಿಳಿಯದು. ನಾನು ಯಾರು ಕ್ಷಮಿಸಲು, ನನ್ನ ಕೈಗೇನೂ ಆಗಿರಲಿಲ್ಲ. ಕೆಟ್ಟ ಮನುಷ್ಯನಾಗಿದ್ದರೆ ಬೈದು ಮರೆಯಬಹುದಿತ್ತು. ಅವರು ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ. ಊರೆಲ್ಲರ ಮನಸ್ಸು ನೋಯದಿರಲಿ ಅಂತ ಒಬ್ಬಳನ್ನು ಬಲಿ ಕೊಟ್ಟುಬಿಟ್ಟು, ಆಮೇಲೆ ದಿನಾ ಅವಳ ಕೈಯಿಂದ ಮಜ್ಜಿಗೆ ಕುಡಿದರು. ಅದು ಹೇಗೆ ಗಂಟಲಲ್ಲಿ ಇಳಿಯುತ್ತಿತ್ತು ಅಂತ ಕೇಳಬೇಕಿತ್ತು. ಕೇಳಲಿಲ್ಲ.

ತಿಥಿಯಾದ ಮೇಲೆ ಆ ಕೋಣೆಯನ್ನು ಕೆಡವಿಸಿದೆ. ಈ ಬೆಳೆಯ ಚಾಕಿ ಕಟ್ಟುವ ದಿನ ಪುಟ್ಟತಾಯಕ್ಕನನ್ನು ಕರೆಯಲು ಹೋದವಳು ನಾನೊಬ್ಬಳೇ ಅಲ್ಲ, ಊರಿನ ಐದಾರು ಹೆಂಗಸರು ಜೊತೆಗೆ ಬಂದರು. ಅವಳು ಸುಮ್ಮನೆ ಎದ್ದು ಬಂದಳು. ಹಜಾರದಲ್ಲಿ ತಟ್ಟೆಯ ಮುಂದೆ ಕೂರಿಸಿ ಕೈಗೆ ಪುಕ್ಕ ಕೊಟ್ಟೆ. ಮರಿಹುಳುಗಳು ಆಗಷ್ಟೇ ಎದ್ದು ಹರಿದಾಡುತ್ತಿದ್ದವು. ಅವಳು ಪುಕ್ಕ ಹಿಡಿದು, ಹುಳುವಿನ ಮೇಲೆ ಕೈ ತಂದು, ಅಲ್ಲೇ ನಿಲ್ಲಿಸಿದಳು.

‘ಮರ್ತೋಗೈತೆ ಕಣವ್ವ’ ಅಂದಳು.

ನಾನು ತೋರಿಸಲಾ ಅಂತ ಕೈ ಮುಂದೆ ಮಾಡಿದೆ. ಅವಳು ಬೇಡ ಅನ್ನುವಂತೆ ತಲೆಯಾಡಿಸಿ, ಪುಕ್ಕವನ್ನು ತುಟಿಯ ಹತ್ತಿರ ತಂದು ಮೆಲ್ಲಗೆ ಊದಿದಳು. ಎಡಗೈ ಮಣಿಕಟ್ಟಿನ ಒಳಮೈಗೆ ಒಮ್ಮೆ ಸವರಿ ನೋಡಿಕೊಂಡಳು.

‘ಇದೊಂದ್ ಮರೀನಿಲ್ಲ. ನಮ್ಮವ್ವ ಯೋಳ್ಕೊಟ್ಟಿದ್ದು’ ಅಂದಳು. ‘ಅಧ್ಯಕ್ಷರ್ಗೂ ನಾನೇ ತೋರ್ಸಿದ್ದು.’

ಸುತ್ತ ತಟ್ಟೆಗಳ ಮುಂದೆ ಕೂತಿದ್ದ ಹೆಂಗಸರೆಲ್ಲ ತಮ್ಮ ಕೈಯಲ್ಲಿದ್ದ ಪುಕ್ಕವನ್ನು ನೋಡಿಕೊಂಡರು.